ಜನರು ಹೇಳುವ ಸಮಸ್ಯೆ: ಆಲಿಸುವ ಕ್ರಮ, ದಾಖಲಿಸುವ ಕ್ರಮ



ನಮ್ಮ ಭಾಗದ ಅತಿ ದೊಡ್ಡ ಸಮಸ್ಯೆ ಯಾವುದು? ನಿಡಸೋಸಿ ಪರಿಸರದಲ್ಲಿಯೂ ಗೋಕಾಕ, ಮೂಡಲಗಿ ತಾಲೂಕುಗಳಲ್ಲಿಯೂ ಈ ಪ್ರಶ್ನೆಗೆ ಒಂದೇ ಉತ್ತರ ದೊರೆಯಲಾರದು. ಹಿರಣ್ಯಕೇಶಿ, ಘಟಪ್ರಭಾ ನದಿಗಳ ದಂಡೆಯವರಿಗೆ 2019ರ ಆಗಸ್ಟ್ ತಿಂಗಳ ಪ್ರವಾಹ ಮರೆಯುವಂಥದ್ದಲ್ಲ. ಎತ್ತರದ ನೆಲದವರಿಗೆ ಬೇಸಿಗೆಯ ಕುಡಿಯುವ ನೀರೇ ಮುಖ್ಯ. 51 ಟಿ.ಎಂ.ಸಿ. ಸಾಮರ್ಥ್ಯದ ಹಿಡಕಲ್ ಜಲಾಶಯವು ಹುಕ್ಕೇರಿ ತಾಲೂಕಿನಲ್ಲಿಯೇ ಇದ್ದರೂ, ಅಷ್ಟರಿಂದಲೇ ಪ್ರತಿ ಓಣಿಯ ನಲ್ಲಿಗೆ ನೀರು ತಲುಪಿದೆಯೆಂದು ಭಾವಿಸಲಾಗದು.

1. ಯಾರ ಮಾತು ಕೇಳಿಬಂದಿಲ್ಲ?
ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳನ್ನು ಆರು ತಿಂಗಳಿಗೆ ಕನಿಷ್ಠ ಒಮ್ಮೆ ನಡೆಸತಕ್ಕದ್ದು. ಆದರೆ ತೋಟದ ಮನೆಗಳ ಕುಟುಂಬಗಳು, ಕೂಲಿಗೆ ಹೋದ ಮಹಿಳೆಯರು, ವೃದ್ಧರು ಸಭೆಗೆ ಬರಲಾಗದಿದ್ದಲ್ಲಿ ಅವರ ಕಷ್ಟವು ನಡವಳಿ ಪುಸ್ತಕದಲ್ಲಿ ಸೇರುವುದಿಲ್ಲ. ಆದ್ದರಿಂದ ಸಭೆಗೆ ಮುಂಚಿತವಾಗಿ ಸದಸ್ಯರೇ ಅವರ ಬಳಿಗೆ ಹೋಗಿ ವಿಚಾರಿಸುವುದು ಅವಶ್ಯ.

2. ಬೇಡಿಕೆಯ ಹಿಂದಿನ ತೊಂದರೆ
“ರಸ್ತೆ ಬೇಕು” ಎಂಬುದು ಬೇಡಿಕೆ. “ಮಳೆಗಾಲದಲ್ಲಿ ಹಳ್ಳ ತುಂಬಿ ತೋಟದ ಮನೆಗಳ ಮಕ್ಕಳು ಶಾಲೆಗೆ ಬರಲಾಗುತ್ತಿಲ್ಲ” ಎಂಬುದು ಸಮಸ್ಯೆ. ಹೀಗೆ ಬರೆದಾಗ ಇಡೀ ರಸ್ತೆಗಿಂತ ಮೊದಲು ಒಂದು ಮೋರಿ ಸಾಕಾದೀತೇ ಎಂದು ಪರಿಶೀಲಿಸಲು ಸಾಧ್ಯ. ಸ್ಥಳ, ಬಾಧಿತ ಮನೆಗಳ ಸಂಖ್ಯೆ, ತೊಂದರೆಯ ಅವಧಿ ಇವನ್ನು ತಪ್ಪದೆ ನಮೂದಿಸಬೇಕು.

3. ಪರಿಹಾರ ಯಾರ ಕೈಯಲ್ಲಿದೆ?
ಚರಂಡಿ ಸ್ವಚ್ಛತೆ, ಬೀದಿದೀಪ, ಊರೊಳಗಿನ ನೀರು ವಿತರಣೆ ಪಂಚಾಯತಿಯ ಹೊಣೆ. ಪ್ರವಾಹ ಪರಿಹಾರವು ಕಂದಾಯ ಇಲಾಖೆಗೆ ಸೇರಿದ್ದು. ವಿದ್ಯುತ್ ಪೂರೈಕೆಯ ದೂರನ್ನು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ವ್ಯಾಪ್ತಿಯವರು ಆ ಸಂಘಕ್ಕೂ, ಗೋಕಾಕ, ಮೂಡಲಗಿಯವರು ಹೆಸ್ಕಾಂಗೂ ಸಲ್ಲಿಸಬೇಕು. ನಮ್ಮ ಅಧಿಕಾರಕ್ಕೆ ಹೊರತಾದ ವಿಷಯವನ್ನು ಕೈಬಿಡದೆ, ಠರಾವು ಮಾಡಿ ಸಂಬಂಧಿಸಿದ ಕಚೇರಿಗೆ ಕಳುಹಿಸಿ, ಬಂದ ಉತ್ತರವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು. ಉತ್ತರ ಬಾರದಿದ್ದರೆ ಅದನ್ನೂ ತಿಳಿಸಬೇಕು. ಹೇಳಿದ ಮಾತು ಎಲ್ಲಿಗೆ ತಲುಪಿತೆಂದು ತಿಳಿಯದ ಜನರು ಮರುಸಭೆಗೆ ಬರುವುದಿಲ್ಲ.

ಚರ್ಚೆಗೆ:
ಅ) ಕಳೆದ ಗ್ರಾಮ ಸಭೆಯಲ್ಲಿ ತಮ್ಮ ವಾರ್ಡಿನ ಯಾವ ಓಣಿಯವರು ಮಾತನಾಡಲಿಲ್ಲ?
ಆ) ಅಂದು ಬಂದ ಬೇಡಿಕೆಗಳಲ್ಲಿ ಒಂದನ್ನು ಸಮಸ್ಯೆಯ ರೂಪದಲ್ಲಿ ಬರೆಯಿರಿ.
ಇ) ಅದರ ಪರಿಹಾರಕ್ಕೆ ಹೊಣೆಯಾದ ಕಚೇರಿ ಯಾವುದು?