ನಕಲಿ ತಂತ್ರಾಂಶ ತಾಣಗಳು: ವರ್ತಕರು ಗಮನಿಸಬೇಕಾದ ಅಂಶಗಳು

ಕೊಕ್ಕಡ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಪರಿಸರದ ಅಡಿಕೆ ವರ್ತಕರಾಗಲಿ, ಸಣ್ಣ ಕೈಗಾರಿಕೆಗಳ ಮಾಲೀಕರಾಗಲಿ ಇಂದು ಗಣಕಯಂತ್ರವಿಲ್ಲದೆ ವ್ಯವಹಾರ ನಡೆಸುವುದು ಕಷ್ಟ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಬಳಿಕ ಲೆಕ್ಕಪತ್ರ, ಇ-ವೇ ಬಿಲ್, ರಿಟರ್ನ್ ಸಲ್ಲಿಕೆ, ಬ್ಯಾಂಕ್ ಪಾವತಿ ಇವೆಲ್ಲವೂ ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಒಂದೇ ಯಂತ್ರದಲ್ಲಿ ನಡೆಯುತ್ತವೆ. ಆದುದರಿಂದ ಆ ಯಂತ್ರದೊಳಗೆ ದುಷ್ಟ ತಂತ್ರಾಂಶವೊಂದು ಪ್ರವೇಶಿಸಿದರೆ ಇಡೀ ವ್ಯವಹಾರವೇ ಅಪಾಯಕ್ಕೊಳಗಾಗುತ್ತದೆ.

ವಂಚನೆಯ ವಿಧಾನ

ಅಗತ್ಯವಾದ ತಂತ್ರಾಂಶದ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ಕೊಂಡಿಯನ್ನು ಒತ್ತುವುದು ಹೆಚ್ಚಿನವರ ರೂಢಿ. ಆದರೆ ಮೇಲ್ಭಾಗದಲ್ಲಿ ಕಾಣುವುದು ಹಲವು ಬಾರಿ ಹಣ ತೆತ್ತು ಹಾಕಿಸಿದ ಜಾಹೀರಾತು. ವಂಚಕರು ಈ ಸ್ಥಳವನ್ನು ಖರೀದಿಸಿ, ಅಸಲಿ ತಾಣದ ಪಡಿಯಚ್ಚಿನಂತಹ ಪುಟಕ್ಕೆ ಗ್ರಾಹಕರನ್ನು ಕರೆದೊಯ್ಯುತ್ತಾರೆ. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್ 21ರಂದೇ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತ್ತು.

ಅಲ್ಲಿಂದ ಇಳಿಸಿದ ಕಡತವು ಕೆಲವೊಮ್ಮೆ ಅಸಲಿ ತಂತ್ರಾಂಶವನ್ನೂ ಸ್ಥಾಪಿಸುವುದರಿಂದ ಬಳಕೆದಾರರಿಗೆ ಸಂಶಯವೇ ಬಾರದು. ಅದರ ಜೊತೆಗೆ ಒಳಹೊಕ್ಕ ಕಳ್ಳ ತಂತ್ರಾಂಶವು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುತ್ತದೆ. ಇಲ್ಲವೇ ಲೆಕ್ಕಪತ್ರಗಳಿಗೆ ಬೀಗ ಜಡಿದು ಹಣ ಕೇಳುತ್ತದೆ.

‘ಕ್ರ್ಯಾಕ್’ ಎಂಬ ಆಮಿಷ

ದುಬಾರಿ ತಂತ್ರಾಂಶವನ್ನು ಉಚಿತವಾಗಿ ನೀಡುವುದಾಗಿ ಹೇಳುವ ತಾಣಗಳು ಇನ್ನೂ ಅಪಾಯಕಾರಿ. ಸ್ಥಾಪಿಸುವ ಮುನ್ನ ಆಂಟಿವೈರಸ್ ನಿಲ್ಲಿಸಬೇಕೆಂದು ಇವು ಸೂಚಿಸುತ್ತವೆ. ಕಳ್ಳನೇ ಕಾವಲುಗಾರನನ್ನು ಮನೆಗೆ ಕಳುಹಿಸಿದಂತೆ. ಕಾನೂನಿನ ತೊಡಕೂ ಇದೆ. ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ತಿಳಿದೂ ನಕಲಿ ತಂತ್ರಾಂಶ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ವಿಳಾಸವನ್ನು ಓದುವ ಕ್ರಮ

ಲಾಂಛನ, ಬಣ್ಣ, ವಿನ್ಯಾಸಗಳನ್ನು ಯಾರೂ ನಕಲು ಮಾಡಬಹುದು. ಆದುದರಿಂದ ತಾಣದ ವಿಳಾಸವನ್ನೇ ಪರೀಕ್ಷಿಸಬೇಕು. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ಮುಂದಿನ ಓರೆಗೆರೆಗಿಂತ ಮೊದಲಿರುವ ಕೊನೆಯ ಭಾಗವೇ ತಾಣ ಯಾರದೆಂಬುದನ್ನು ತಿಳಿಸುತ್ತದೆ. ಜಿಎಸ್‌ಟಿ ತಾಣದ ವಿಳಾಸ ‘ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಅದರ ಮುಂದೆ ಮತ್ತೊಂದು ಚುಕ್ಕಿ, ಬೇರೊಂದು ಹೆಸರು ಬಂದು ‘ಡಾಟ್ ಕಾಮ್’ ಎಂದು ಕೊನೆಗೊಂಡರೆ ಅದು ಸರಕಾರದ ತಾಣವಲ್ಲ. ಬೀಗದ ಚಿಹ್ನೆ ಇದ್ದ ಮಾತ್ರಕ್ಕೆ ತಾಣ ಪ್ರಾಮಾಣಿಕವೆಂದು ಭಾವಿಸಬಾರದು. ಮಾಹಿತಿಯು ದಾರಿಯಲ್ಲಿ ಗುಪ್ತವಾಗಿ ಸಾಗುತ್ತದೆ ಎಂಬುದಷ್ಟೇ ಅದರ ಅರ್ಥ. ವಂಚಕರ ತಾಣಕ್ಕೂ ಬೀಗ ದೊರೆಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಾಗಲಿ, ಬೆಂಗಳೂರಿನ ಸಂಸ್ಥೆಯ ‘ಟ್ಯಾಲಿ’ಯಾಗಲಿ, ತಯಾರಕರ ಸ್ವಂತ ತಾಣದಿಂದ ಅಥವಾ ಅಧಿಕೃತ ವಿತರಕರಿಂದಲೇ ಪಡೆಯಬೇಕು.

2. ಬಳಸುವ ತಾಣಗಳ ಸರಿಯಾದ ವಿಳಾಸಗಳನ್ನು ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಬೇಕು.

3. ತಂತ್ರಾಂಶ ಸ್ಥಾಪಿಸುವ ಅಧಿಕಾರ ಸಂಸ್ಥೆಯಲ್ಲಿ ಒಬ್ಬರಿಗೆ ಮಾತ್ರ ಇರಲಿ. ಗುಮಾಸ್ತರ ದಿನನಿತ್ಯದ ಖಾತೆಗೆ ‘ಅಡ್ಮಿನಿಸ್ಟ್ರೇಟರ್’ ಹಕ್ಕು ಬೇಡ.

4. ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನ ‘ಡಿಜಿಟಲ್ ಸಿಗ್ನೇಚರ್ಸ್’ ವಿಭಾಗದಲ್ಲಿ ತಯಾರಕರ ಹೆಸರನ್ನು ನೋಡಬೇಕು. ಹೆಸರಾಂತ ಸಂಸ್ಥೆಯ ಕಡತದಲ್ಲಿ ಅದು ಇಲ್ಲದಿದ್ದರೆ ತೆರೆಯದಿರುವುದು ಲೇಸು.

5. ವಿಂಡೋಸ್ ಕೀಲಿ ಮತ್ತು ‘ಆರ್’ ಒತ್ತಿ ಏನನ್ನಾದರೂ ಅಂಟಿಸುವಂತೆ ಯಾವುದೇ ಪುಟ ಸೂಚಿಸಿದರೆ ಪಾಲಿಸಕೂಡದು.

6. ಲೆಕ್ಕಪತ್ರಗಳ ಪ್ರತಿಯನ್ನು ನಿಯಮಿತವಾಗಿ ಪ್ರತ್ಯೇಕ ಡಿಸ್ಕ್‌ನಲ್ಲಿ ತೆಗೆದು, ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಡಿಜಿಟಲ್ ಸಹಿಯ ಟೋಕನ್ನನ್ನೂ ಕೆಲಸ ಮುಗಿದೊಡನೆ ತೆಗೆದಿಡಬೇಕು.

ತೊಂದರೆ ಸಂಭವಿಸಿದಲ್ಲಿ

ಮೊದಲು ಯಂತ್ರದ ಅಂತರಜಾಲ ಸಂಪರ್ಕವನ್ನು ಕಡಿಯಬೇಕು. ಬ್ಯಾಂಕ್, ಇ-ಮೇಲ್, ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಬೇರೊಂದು ಸುರಕ್ಷಿತ ಯಂತ್ರದಿಂದ ಬದಲಿಸಬೇಕು. ಸೋಂಕು ತಗಲಿದ ಯಂತ್ರದಲ್ಲೇ ಬದಲಿಸಿದರೆ ಹೊಸದೂ ಕಳವಾಗುತ್ತದೆ. ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಕ್ಷಣ ತಿಳಿಸಬೇಕು. ಹಣ ಇತರ ಖಾತೆಗಳಿಗೆ ಹಂಚಿಹೋಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುವುದರಿಂದ ಇಲ್ಲಿ ಪ್ರತಿ ನಿಮಿಷವೂ ಅಮೂಲ್ಯ.

ಅಡಿಕೆಯ ಮೂಟೆಯನ್ನು ಬಿಚ್ಚಿ ನೋಡದೆ ದರ ಕಟ್ಟುವ ವರ್ತಕನಿಲ್ಲ. ಉಚಿತವಾಗಿ ದೊರೆತರೂ ತಂತ್ರಾಂಶವೂ ಒಂದು ಸರಕೇ. ಕೊಡುವವರು ಯಾರೆಂದು ಖಚಿತಪಡಿಸಿಕೊಂಡ ಬಳಿಕವೇ ಅದನ್ನು ಒಳಗೆ ಬರಮಾಡಿಕೊಳ್ಳುವುದು ಕ್ಷೇಮ.