ಪೈಥಾನಿನ ಕೈಪಿಡಿಗಳು

ಮನೆಯನ್ನು ದುರಸ್ತಿ ಮಾಡಿಸುವುದೆಂದರೆ ಗೋಡೆಗೆ ಹೊಸ ಸುಣ್ಣ ಬಳಿಸುವುದೆಂದೇ ಅನೇಕರು ತಿಳಿದಿರುತ್ತಾರೆ. ಗಣಕಯಂತ್ರದ ತಂತ್ರಾಂಶಗಳ ಜಾಲತಾಣವನ್ನೂ ಕೈಪಿಡಿಗಳನ್ನೂ ಪುನರ್ವ್ಯವಸ್ಥೆಗೊಳಿಸುವ ವಿಚಾರದಲ್ಲಿಯೂ ಇಂಥದೇ ಭಾವನೆ ಇದೆ. ಆದರೆ ಬಾಗಿಲು ಎಲ್ಲಿರಬೇಕು, ಹೊಸಬನು ಬಂದರೆ ಎಲ್ಲಿ ಕೂರಬೇಕು, ದೂರು ಹೇಳುವವನು ಯಾರನ್ನು ಕಾಣಬೇಕು ಎಂಬ ಪ್ರಶ್ನೆಗಳು ಸುಣ್ಣದಿಂದ ತೀರತಕ್ಕವಲ್ಲ. ಮುಕ್ತ ತಂತ್ರಾಂಶದ ಬಳಗವೊಂದು ಈ ಪ್ರಶ್ನೆಗಳನ್ನು ಹೇಗೆ ಬಿಡಿಸಿಕೊಂಡಿತೆಂಬುದನ್ನು ಯಥಾಶಕ್ತಿ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಮುಕ್ತ ತಂತ್ರಾಂಶವೆಂದರೆ ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಮತ್ತೊಬ್ಬರಿಗೆ ಹಂಚಬಹುದಾದ ತಂತ್ರಾಂಶ. ನಾನು ಆರಿಸಿಕೊಂಡ ಉದಾಹರಣೆ ಪೈಥಾನ್. ಇದು ಗಣಕಕ್ಕೆ ಕೆಲಸ ಹೇಳುವ ಒಂದು ಭಾಷೆ. ಗೀಡೋ ವ್ಯಾನ್ ರೋಸಮ್ ಎಂಬವರು ೧೯೮೯ರ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾಲಯವೊಂದರಲ್ಲಿದ್ದಾಗ ಇದನ್ನು ಆರಂಭಿಸಿದರು. ೧೯೯೧ರಲ್ಲಿ ಇದು ಹೊರಬಂದಿತು. ಹೆಸರು ಕೇಳಿ ಹೆಬ್ಬಾವನ್ನು ನೆನೆಯಬೇಕಾಗಿಲ್ಲ, ಬಿ.ಬಿ.ಸಿ.ಯ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದ ಹೆಸರದು.

ಬಿ.ಎ. ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಅರ್ಥಶಾಸ್ತ್ರದ ಅಂಕಿ ಅಂಶಗಳನ್ನು ಕೂಡಿಸಿ ಕೋಷ್ಟಕ ಮಾಡುವ ಸಲುವಾಗಿ ನಾನು ಈ ಭಾಷೆಯನ್ನು ಕಲಿಯತೊಡಗಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತೊಡಕು ಬಂದರೆ ಸಂಜೆ ಮನೆಯಲ್ಲಿ ಕೇಳೋಣವೆಂದರೆ ಓದಿದ ಅಣ್ಣನಿಲ್ಲ, ಚಿಕ್ಕಪ್ಪನಿಲ್ಲ. ತಿಳಿದವರ ನಡುವೆ ಬೆಳೆದವನಿಗೆ ಕೈಪಿಡಿ ಹೇಗಿದ್ದರೂ ನಡೆದೀತು, ಪಕ್ಕದವರನ್ನು ಕೇಳಿಯಾನು. ಕೇಳಲು ಯಾರೂ ಇಲ್ಲದವನಿಗೆ ಕೈಪಿಡಿಯೇ ಮೇಷ್ಟ್ರು. ಆದಕಾರಣ ಈ ವಿಷಯವನ್ನು ನಾನು ಅಲಂಕಾರದ ವಿಷಯವೆಂದು ಎಣಿಸಲಾರೆ.

ಪೈಥಾನಿನ ಕೈಪಿಡಿಗಳನ್ನು ಮೊದಲಿನಿಂದಲೂ ಲೇಟೆಕ್ ಎಂಬ ಅಕ್ಷರ ಜೋಡಣೆಯ ಪದ್ಧತಿಯಲ್ಲಿ ಬರೆಯುತ್ತಿದ್ದರು. ಆ ಕಾಲಕ್ಕೆ ಅದು ಸಮಂಜಸವೇ ಆಗಿತ್ತು, ಏಕೆಂದರೆ ಆಗ ಕೈಪಿಡಿಯನ್ನು ಕಾಗದದ ಮೇಲೆ ಅಚ್ಚು ತೆಗೆದು ಓದುವುದೇ ವಾಡಿಕೆ. ಲೇಟೆಕ್ಕಿನ ಅಚ್ಚು ಬಹಳ ಅಂದ. ಕ್ರಮೇಣ ಜನರು ಪರದೆಯ ಮೇಲೆ ಓದತೊಡಗಿದರು. ಲೇಟೆಕ್ಕಿನ ಬರಹವನ್ನು ಜಾಲಪುಟವಾಗಿ ಮಾರ್ಪಡಿಸುವುದು ತೊಡಕಿನ ಕೆಲಸ. ಬಹುಕಾಲ ಕೈಪಿಡಿಗಳ ಸಂಪಾದಕರಾಗಿದ್ದ ಫ್ರೆಡ್ ಡ್ರೇಕ್ ಅವರು ಈ ಮಾರ್ಪಾಟಿನ ಯಂತ್ರವನ್ನು ಸರಿಯಾಗಿಟ್ಟುಕೊಳ್ಳುವುದರಲ್ಲಿಯೇ ಬಹಳ ಕಾಲವನ್ನು ವ್ಯಯಮಾಡಬೇಕಾಯಿತು. ಬೇರೆ ಪದ್ಧತಿಗೆ ಹೋಗೋಣವೆಂಬ ಸಲಹೆ ಆಗಾಗ ಬರುತ್ತಿತ್ತು. ಸಲಹೆ ಕೊಟ್ಟವರಿದ್ದರೇ ಹೊರತು ಸಾವಿರಾರು ಪರಿಚ್ಛೇದಗಳನ್ನು ಬದಲಾಯಿಸಿ ಮುಗಿಸುವಷ್ಟು ಹೊತ್ತನ್ನು ಕೊಟ್ಟವರಿರಲಿಲ್ಲ. ಸಂಬಳವಿಲ್ಲದೆ ನಡೆಯುವ ಯಾವ ಕೆಲಸದಲ್ಲಿಯೂ ಇದನ್ನು ಕಾಣಬಹುದು.

೨೦೦೭ರಲ್ಲಿ ಗೇಯೋರ್ಗ್ ಬ್ರಾಂಡ್ಲ್ ಎಂಬ ಸ್ವಯಂಸೇವಕರು ಆ ಹೊತ್ತನ್ನು ಕೊಟ್ಟರು. ಅವರು ಸಿದ್ಧಪಡಿಸಿದ ಉಪಕರಣಕ್ಕೆ ಸ್ಫಿಂಕ್ಸ್ ಎಂದು ಹೆಸರು. ೨೦೦೮ರಲ್ಲಿ ಹೊರಬಂದ ಪೈಥಾನ್ ೨.೬ರ ಕೈಪಿಡಿಗಳು ಇದರಲ್ಲಿಯೇ ತಯಾರಾದವು. ಇದರ ಮುಖ್ಯ ಪ್ರಯೋಜನ ಅಂದವಾದ ಪುಟವೆಂದು ನನಗೆ ತೋರುವುದಿಲ್ಲ. ಲೇಟೆಕ್ಕಿನಲ್ಲಿ ಒಂದು ಪದವನ್ನು ಗುರುತಿಸಲು ಓರೆಗೆರೆ, ಆಜ್ಞಾಪದ, ಆವರಣಚಿಹ್ನೆ ಇವೆಲ್ಲ ಬೇಕು. ಹೊಸ ಪದ್ಧತಿಯಲ್ಲಿ ಆ ಪದದ ಎರಡು ಪಕ್ಕದಲ್ಲಿಯೂ ಒಂದೊಂದು ನಕ್ಷತ್ರವನ್ನಿಟ್ಟರೆ ಸಾಕು. ಕಾಗದ ಬರೆಯಬಲ್ಲವನು ಇದನ್ನೂ ಬರೆಯಬಲ್ಲ. ಮೇಲಾಗಿ ಪ್ರತಿ ಪುಟದಲ್ಲಿಯೂ ಅದರ ಮೂಲಬರಹವನ್ನು ನೋಡುವ ಕೊಂಡಿಯಿದೆ, ಅಡಿಯಲ್ಲಿ ದೋಷ ಕಂಡರೆ ತಿಳಿಸುವ ಕೊಂಡಿಯಿದೆ. ಓದುಗನು ತಿದ್ದುಗನಾಗಲು ಇದ್ದ ಹೊಸ್ತಿಲು ಇಷ್ಟು ತಗ್ಗಿತು. ಮುಂದೆ ೨೦೧೬ರಲ್ಲಿ ಲಿನಕ್ಸ್ ಕರ್ನೆಲಿನವರೂ ತಮ್ಮ ಕೈಪಿಡಿಗಳಿಗೆ ಸ್ಫಿಂಕ್ಸನ್ನೇ ತೆಗೆದುಕೊಂಡರು.

ಇನ್ನು ಕೈಪಿಡಿಯ ಒಳಗಿನ ವಿಂಗಡಣೆ. ನಮ್ಮ ತಂದೆಯವರು ದರ್ಜಿ ಕೆಲಸದವರು. ಆದುದರಿಂದ ಅಲ್ಲಿಯದೇ ಉದಾಹರಣೆಯನ್ನು ಕೊಡುತ್ತೇನೆ. ಹೊಲಿಗೆ ಕಲಿಯಲು ಬಂದ ಹುಡುಗನಿಗೆ ಮೊದಲು ಚಿಂದಿ ಬಟ್ಟೆ ಕೊಟ್ಟು ನೇರವಾಗಿ ಹೊಲಿಯಲು ಹೇಳುತ್ತಾರೆ, ಹೆಚ್ಚು ಮಾತಿಲ್ಲ. ಅಂಗಿಗೆ ಕಾಲರ್ ಕೂರಿಸುವುದು ಹೇಗೆಂದು ಕೇಳುವವನು ಆಗಲೇ ಹೊಲಿಗೆ ಬಲ್ಲವನು. ಅಳತೆಯ ಪುಸ್ತಕವನ್ನು ತೆರೆಯುವವನಿಗೆ ಎದೆಯ ಸುತ್ತಳತೆ ಬೇಕೇ ಹೊರತು ಉಪದೇಶ ಬೇಡ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಏಕೆ ಜಗ್ಗುತ್ತದೆ ಎಂಬುದು ನಾಲ್ಕನೆಯ ಬಗೆಯ ಪ್ರಶ್ನೆ. ಅದನ್ನು ಯಂತ್ರ ನಿಲ್ಲಿಸಿ ಬಿಡುವಾಗಿ ಕೂತು ಕೇಳಬೇಕು. ತಂತ್ರಾಂಶದ ಕೈಪಿಡಿಗಳಲ್ಲಿಯೂ ಇಂಥವೇ ನಾಲ್ಕು ಬಗೆಗಳಿವೆಯೆಂದೂ ಅವನ್ನು ಬೆರೆಸಬಾರದೆಂದೂ ಡೇನಿಯೆಲೆ ಪ್ರೊಚೀಡ ಎಂಬವರು ೨೦೧೭ರ ಸುಮಾರಿನಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದರು. ಪೈಥಾನಿನಲ್ಲಿ ಪಾಠಮಾಲೆ ಬೇರೆ, ಭಂಡಾರದ ಆಕರ ಬೇರೆ, ‘ಇದನ್ನು ಮಾಡುವುದು ಹೇಗೆ’ ಎಂಬ ಬರಹಗಳು ಬೇರೆ ಎಂಬ ವಿಂಗಡಣೆ ಅದಕ್ಕೂ ಹಿಂದಿನಿಂದ ಇದೆ. ಆಕರವನ್ನೇ ಪಾಠವೆಂದು ಕೈಗಿತ್ತರೆ, ಹೊಸಬನು ಒಂದು ವಾರದಲ್ಲಿ ತನ್ನ ಬುದ್ಧಿಯನ್ನೇ ಹಳಿದುಕೊಂಡು ಎದ್ದುಹೋಗುತ್ತಾನೆ. ಎಷ್ಟು ಮಂದಿ ಹಾಗೆ ಎದ್ದುಹೋದರೆಂಬುದನ್ನು ಯಾವ ಬಳಗವೂ ಲೆಕ್ಕವಿಡಲಾರದು.

ಜಾಲತಾಣವನ್ನು ಬದಲಾಯಿಸುವಾಗ ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಹಳೆಯ ವಿಳಾಸಗಳು. ೨೦೦೮ರ ಡಿಸೆಂಬರಿನಲ್ಲಿ ಪೈಥಾನ್ ೩ ಬಂದಿತು. ಅದು ೨ಕ್ಕಿಂತ ಎಷ್ಟೋ ಕಡೆ ಭಿನ್ನ. ೨ರಲ್ಲಿ ಪ್ರಿಂಟ್ ಎಂದು ಬರೆದು ಮುಂದೆ ಮಾತನ್ನು ಬರೆದರೆ ಅದು ಪರದೆಯಲ್ಲಿ ಮೂಡುತ್ತಿತ್ತು. ೩ರಲ್ಲಿ ಆ ಮಾತನ್ನು ಆವರಣದೊಳಗಿಡದಿದ್ದರೆ ಗಣಕವು ತಪ್ಪೆನ್ನುತ್ತದೆ. ಹಳೆಯ ಪಾಠವನ್ನು ಹಿಡಿದು ಹೊಸ ಪೈಥಾನಿನ ಮುಂದೆ ಕೂತವನ ಮೊದಲ ಸಾಲೇ ಬೀಳುತ್ತದೆ, ಕಾರಣವೂ ತಿಳಿಯುವುದಿಲ್ಲ. ಕೈಪಿಡಿಗಳ ತಾಣದಲ್ಲಿ ೩ನ್ನೇ ಮುಂಬಾಗಿಲಾಗಿ ಮಾಡಬೇಕೆಂದು ನಿಕ್ ಕೋಗ್‌ಲನ್ ಎಂಬವರು ೨೦೧೨ರಲ್ಲಿ ಸಲಹೆಯನ್ನು ಬರೆದಿಟ್ಟರು. ಆದರೆ ಅದಾಗಲೇ ಎಷ್ಟೋ ಪುಸ್ತಕಗಳೂ ಪುಟಗಳೂ ೨ರ ಒಳಪುಟಗಳ ವಿಳಾಸವನ್ನು ಕೊಟ್ಟುಬಿಟ್ಟಿದ್ದವು. ಆದುದರಿಂದ ವಿಳಾಸದಲ್ಲಿಯೇ ೨ ಅಥವಾ ೩ ಎಂಬ ಅಂಕಿ ಇರತಕ್ಕದ್ದು, ಮುಂಬಾಗಿಲು ೩ಕ್ಕೆ ತೆರೆಯತಕ್ಕದ್ದು, ಅಂಕಿಯಿಲ್ಲದ ಹಳೆಯ ಒಳವಿಳಾಸಗಳು ಮಾತ್ರ ೨ಕ್ಕೇ ಕರೆದೊಯ್ಯತಕ್ಕದ್ದು ಎಂದು ಅವರು ಸೂಚಿಸಿದರು. ೨ಕ್ಕೆ ಬೆಂಬಲವು ೨೦೨೦ರ ಜನವರಿ ೧ಕ್ಕೆ ನಿಂತುಹೋಯಿತು. ಅದರ ಕೈಪಿಡಿಗಳು ಓದಲು ಈಗಲೂ ಸಿಗುತ್ತವೆ. ಬೆಂಗಳೂರಿನಲ್ಲಿ ೧೯೬೨ರಲ್ಲಿ ದಾಖಲೀಕರಣದ ಸಂಶೋಧನಾ ಕೇಂದ್ರವನ್ನು ಕಟ್ಟಿದ ಎಸ್.ಆರ್. ರಂಗನಾಥನ್ ಅವರು ೧೯೩೧ರಷ್ಟು ಹಿಂದೆಯೇ ಓದುಗನ ಕಾಲವನ್ನು ಉಳಿಸುವುದನ್ನು ಗ್ರಂಥಾಲಯದ ಧರ್ಮಗಳಲ್ಲೊಂದಾಗಿ ಎಣಿಸಿದ್ದರು. ಅವರು ಈ ಏರ್ಪಾಡನ್ನು ಮೆಚ್ಚುತ್ತಿದ್ದರೆಂದು ನನ್ನ ಊಹೆ.

ದೂರು ಹೇಳುವ ಕಡೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪೈಥಾನಿನ ದೋಷಗಳ ದಾಖಲೆ ಮೊದಲು ಸೋರ್ಸ್‌ಫೋರ್ಜ್ ಎಂಬ ಪರಸ್ಥಳದಲ್ಲಿತ್ತು. ಬಾಡಿಗೆ ಮನೆಯಲ್ಲಿ ಗೋಡೆ ಒಡೆಯಲು ಬಾರದಂತೆ, ಅಲ್ಲಿ ಒಂದು ದೂರು ಯಾವ ಯಾವ ಹಂತಗಳನ್ನು ದಾಟಬೇಕೆಂಬುದನ್ನು ಬದಲಾಯಿಸಲು ಆಗುತ್ತಿರಲಿಲ್ಲ. ಬ್ರೆಟ್ ಕ್ಯಾನನ್ ಅವರ ನೇತೃತ್ವದ ಸಮಿತಿಯು ನಾಲ್ಕು ವ್ಯವಸ್ಥೆಗಳನ್ನು ಪರೀಕ್ಷಿಸಿತು. ಕೊನೆಗೆ ಉಳಿದವು ಎರಡು: ಜೀರಾ ಮತ್ತು ರೌಂಡಪ್. ಜೀರಾದವರು ಉಚಿತವಾಗಿ ನಡೆಸಿಕೊಡುತ್ತೇವೆಂದರು. ರೌಂಡಪ್ ತಾನೇ ಮುಕ್ತ ತಂತ್ರಾಂಶ, ಆದರೆ ಅದನ್ನು ನೋಡಿಕೊಳ್ಳಲು ಸ್ವಂತ ಜನ ಬೇಕು. ಸ್ವಯಂಸೇವಕರಿಗೆ ಕರೆ ಹೋಯಿತು, ಬಳಿಕ ರೌಂಡಪ್ಪೇ ಸ್ಥಾಪನೆಯಾಯಿತು. ಅದು ಸುಮಾರು ಹದಿನೈದು ವರ್ಷ ನಡೆಯಿತು.

೨೦೧೭ರಲ್ಲಿ ಮೂಲಸಂಕೇತವು ಗಿಟ್‌ಹಬ್ಬಿಗೆ ಹೋದಮೇಲೆ, ದೋಷಗಳ ದಾಖಲೆಯೂ ಅಲ್ಲಿಗೇ ಹೋಗಲೆಂಬ ವಾದ ಹುಟ್ಟಿತು. ಹಳೆಯದನ್ನೇ ಸುಧಾರಿಸೋಣ, ಒಂದೇ ಕಂಪನಿಯ ಅಧೀನರಾಗುವುದು ಬೇಡವೆಂಬ ಪ್ರತಿವಾದವೂ ೨೦೧೯ರಲ್ಲಿ ಬರಹರೂಪದಲ್ಲಿ ಮಂಡಿತವಾಯಿತು. ಕೊನೆಗೆ ೨೦೨೨ರ ಏಪ್ರಿಲಿನಲ್ಲಿ ವರ್ಗಾವಣೆ ನಡೆಯಿತು. ಪರರ ಮನೆ ಬೇಡವೆಂದು ಹೊರಟವರು ಮತ್ತೆ ಪರರ ಮನೆಗೇ ಬಂದರಲ್ಲ ಎಂದು ನಗಬಹುದು. ಪ್ರತಿವಾದಿಗಳ ಭಯ ಸುಳ್ಳಲ್ಲವೆಂದೇ ನಾನೂ ಭಾವಿಸುತ್ತೇನೆ. ಆದರೆ ಹೊಸ ಸ್ವಯಂಸೇವಕನಿಗೆ ಸಂಕೇತ ಒಂದು ಕಡೆ, ದೂರು ಇನ್ನೊಂದು ಕಡೆ ಎಂಬ ಅಲೆದಾಟ ತಪ್ಪಿತು. ಕಚೇರಿಗಳಲ್ಲಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಳೆಯ ದಾಖಲೆಯನ್ನು ಅಳಿಸಿಹಾಕಲಿಲ್ಲ. ಓದಲು ಮಾತ್ರ ಉಳಿಸಿ, ವರ್ಗವಾದ ಪ್ರತಿ ದೂರಿನ ಪುಟದ ಮೇಲೂ ಅದರ ಹೊಸ ಸ್ಥಳದ ಕೊಂಡಿಯನ್ನು ಹಚ್ಚಿದರು. ತಂತ್ರಾಂಶದ ದೋಷಕ್ಕೆ ಈ ಸ್ಥಳವಾದರೆ, ಕಲಿಯುವವನ ಸಂದೇಹಗಳಿಗೆ ಬೇರೆ ಚರ್ಚಾಸ್ಥಳವಿದೆ. ಎರಡೂ ಬೆರೆತರೆ ನಿಜವಾದ ದೋಷವು ಸಂದೇಹಗಳ ರಾಶಿಯಲ್ಲಿ ಹೂತುಹೋಗುತ್ತದೆ, ಹೊಸಬನಿಗೂ ಉತ್ತರ ಸಿಗುವುದಿಲ್ಲ.

ಕೊನೆಯದಾಗಿ ಭಾಷೆಯ ಮಾತು. ಕೈಪಿಡಿಗಳನ್ನು ಇತರ ಭಾಷೆಗಳಲ್ಲಿ ಹೇಗೆ ಪ್ರಕಟಿಸಬೇಕೆಂಬ ವಿಧಾನವನ್ನು ೨೦೧೭ರಲ್ಲಿ ರೂಪಿಸಿದರು. ಇಂಗ್ಲಿಷಿನ ಪಕ್ಕದಲ್ಲಿ ಒಂದು ಭಾಷೆಯ ಹೆಸರು ಕಾಣಿಸಬೇಕಾದರೆ ಮೂರು ಭಾಗಗಳು ಪೂರ್ತಿಯಾಗಿ ಅನುವಾದವಾಗಿರಬೇಕು: ಪಾಠಮಾಲೆ, ಭಾಷೆಯೊಡನೆ ಬರುವ ಮೂಲ ಕಾರ್ಯಗಳ ಅಧ್ಯಾಯ, ಮತ್ತು ದೋಷವನ್ನು ಎಲ್ಲಿ, ಹೇಗೆ ತಿಳಿಸಬೇಕೆಂಬ ಪುಟ. ಮೂರನೆಯದನ್ನು ಕಡ್ಡಾಯ ಮಾಡಿದ ಬುದ್ಧಿಯನ್ನು ನಾನು ಬಹಳ ಮೆಚ್ಚುತ್ತೇನೆ. ಪಾಠಮಾಲೆಯಲ್ಲಿ ಹದಿನಾರು ಅಧ್ಯಾಯಗಳಿವೆ. ಮೊದಲನೆಯದು ಎರಡೇ ಪುಟದಷ್ಟು. ನಮ್ಮ ಕನ್ನಡ ಐಚ್ಛಿಕ ತರಗತಿಯ ಮಿತ್ರರಲ್ಲಿ ಯಾರಿಗಾದರೂ ಈ ರಜೆಯಲ್ಲಿ ಅದನ್ನು ಕನ್ನಡಿಸಿ ನೋಡುವ ಮನಸ್ಸಿದ್ದರೆ, ಗಣಕದ ಭಾಗವನ್ನು ನೋಡಿಕೊಳ್ಳಲು ನಾನು ಜೊತೆಗಿರುತ್ತೇನೆ.