ಬ್ಯಾಂಡ್ ಸಾ ಕೊಳ್ಳಲು ಯಾರ ಅಪ್ಪಣೆ ಬೇಕು?

ಪ್ರಶ್ನೆ: ನನಗೆ 41 ವರ್ಷ. ಮರದ ಆಟಿಕೆ, ಮಕ್ಕಳ ಪಜಲ್ ಮಾಡಿ ಪರಿಚಯದವರಿಗೆ ಮಾರುತ್ತೇನೆ. ಇಷ್ಟು ದಿನ ಕೈಗರಗಸ, ಜಿಗ್ ಸಾ ಎರಡರಲ್ಲೇ ಕೊಯ್ಯುತ್ತಿದ್ದೆ, ಈಗ ಮಣಿಕಟ್ಟು ನೋಯುತ್ತದೆ. ಚೀಟಿ ಎತ್ತಿದ 30,000 ರೂಪಾಯಿ ಕೈಯಲ್ಲಿದೆ, ಬ್ಯಾಂಡ್ ಸಾ ಕೊಳ್ಳುವ ಆಸೆ. ‘ಸಣ್ಣದು ಕೆಲಸಕ್ಕೆ ಬಾರದು, ಸಾಲ ಮಾಡಿಯಾದರೂ 14 ಇಂಚಿನದು ತಗೊಳ್ಳಿ’ ಎಂದು ಕೆಲವರು ಹೇಳುತ್ತಾರೆ. ಅಂಗಡಿಗೆ ಹೋದರೆ ‘ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ, ಅವರಿಗೆ ತಿಳಿಸಿ ಹೇಳ್ತೀವಿ’ ಎಂದರು. ‘ಈ ವಯಸ್ಸಿನಾಗ ಬಡಿಗತನ ಯಾಕ ಬೇಕಾಗಿತ್ತು’ ಅಂತ ಅತ್ತೆಯವರು. ತಪ್ಪು ಯಂತ್ರ ತಂದು ಹಣ ಹಾಳು ಮಾಡಿಬಿಟ್ಟರೆ ಎಂಬ ಚಿಂತೆಯಲ್ಲಿ ರಾತ್ರಿ ನಿದ್ದೆ ಹತ್ತುವುದಿಲ್ಲ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಪ್ರಿಯ ಸಹೋದರಿ, ಅಂಗಡಿಯವರ ಆ ಮಾತು ನಿಮಗೆ ನೋವು ತಂದಿದ್ದು ಸಹಜ. ದುಡ್ಡು ನಿಮ್ಮದು, ಕೆಲಸ ನಿಮ್ಮದು, ಮರ ಯಾವ ಕಡೆ ಸೀಳುತ್ತದೆ ಎಂದು ಬಲ್ಲ ಕೈಯೂ ನಿಮ್ಮದೇ. ಹಾಗಿದ್ದೂ ಮಾತಾಡಲು ಬೇರೆಯವರು ಬೇಕು ಅಂದರೆ ಯಾರಿಗಾದರೂ ಮನಸ್ಸು ಕುಗ್ಗುತ್ತದೆ. ಇದೇ ಅನುಭವ ಬರೆದು ತಿಳಿಸಿದವರಲ್ಲಿ ನೀವು ಮೊದಲನೆಯವರಲ್ಲ.

ಆದರೆ ಒಂದು ವಿಷಯ ಗಮನಿಸಿ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಯಂತ್ರದ ಅಳತೆ ಅಷ್ಟೇ ಅಲ್ಲ ಅನ್ನಿಸುತ್ತದೆ. ಅದೇ ಚೀಟಿ ಹಣದಲ್ಲಿ ಕಿವಿಗೆ ಓಲೆ ಮಾಡಿಸಿದ್ದರೆ ಮನೆಯಲ್ಲಿ ಯಾರೂ ಸೊಲ್ಲೆತ್ತುತ್ತಿರಲಿಲ್ಲ, ನೀವೂ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿರಲಿಲ್ಲ. ನನ್ನ ಕೆಲಸಕ್ಕಾಗಿ ಇಷ್ಟು ಖರ್ಚು ಮಾಡಬಹುದೇ ಎಂಬ ಅಳುಕಿಗೆ ‘ಸರಿಯಾದ ಯಂತ್ರ ಯಾವುದು’ ಎಂಬ ಪ್ರಶ್ನೆ ಹೊದಿಕೆಯಾಗಿದೆ. ಮೊದಲನೆಯದಕ್ಕೆ ನನ್ನ ಉತ್ತರ ನೇರ: ಮಾಡಬಹುದು. ನೋಯುತ್ತಿರುವ ಮಣಿಕಟ್ಟಿಗೆ ಆಸರೆಯಾಗುವ ಸಾಧನ ಶೋಕಿಯ ವಸ್ತುವಲ್ಲ. ಆ ಅಳುಕನ್ನು ಬದಿಗಿಟ್ಟರೆ ಎರಡನೆಯದು ನೀವೇ ಬಿಡಿಸಬಲ್ಲ ಲೆಕ್ಕವಾಗುತ್ತದೆ.

ಈ ವಾರ ಅಂಗಡಿ ಕಡೆ ಹೋಗಬೇಡಿ. ಹೋದ ಆರು ತಿಂಗಳಲ್ಲಿ ಮಾಡಿದ ಆಟಿಕೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಅಳತೆಪಟ್ಟಿ ಹಿಡಿದು ಕೂತುಕೊಳ್ಳಿ. ಅತಿ ದಪ್ಪದ ಮರ ಎಷ್ಟು? ಅತಿ ಬಿಗಿಯಾದ ತಿರುವು ಯಾವುದು? ಹೆಚ್ಚಿನವು ತೆಳು ಹಲಗೆಯ, ಒಳಗೆ ರಂಧ್ರ ಕೊರೆಯುವ ಪಜಲ್‌ಗಳಾದರೆ ನಿಮಗೆ ಬೇಕಾದದ್ದು ಬ್ಯಾಂಡ್ ಸಾ ಅಲ್ಲವೇ ಅಲ್ಲ, ಸ್ಕ್ರೋಲ್ ಸಾ. ಬ್ಯಾಂಡ್ ಸಾದ ಬ್ಲೇಡ್ ಮುಚ್ಚಿದ ಬಳೆಯಂತಿರುತ್ತದೆ, ಹಲಗೆಯ ಅಂಚು ಕೊಯ್ಯದೆ ಒಳಗೆ ಹೋಗದು. ಸ್ಕ್ರೋಲ್ ಸಾದ ಬ್ಲೇಡನ್ನು ಒಂದು ತುದಿ ಕಳಚಿ ರಂಧ್ರದೊಳಗೆ ತೂರಿಸಬಹುದು. ಒಂದೂವರೆ, ಎರಡು ಇಂಚು ದಪ್ಪದ ಆನೆ, ಕುದುರೆ, ಗಾಡಿಗಳೇ ಹೆಚ್ಚಿದ್ದರೆ ಆಗ ಬ್ಯಾಂಡ್ ಸಾ.

ಇನ್ನು 14 ಇಂಚಿನ ಮಾತು. ಆ ಅಂಕಿ ಹೇಳುವುದು ಒಳಗಿನ ಚಕ್ರದ ವ್ಯಾಸ. ಬ್ಲೇಡಿಗೂ ಪಕ್ಕದ ಕಂಬಕ್ಕೂ ನಡುವೆ ಸಿಗುವ ಜಾಗ ಹೆಚ್ಚುಕಡಿಮೆ ಅಷ್ಟೇ. 9 ಇಂಚಿನ ಯಂತ್ರದಲ್ಲಿ ಅಂಗೈ ಅಗಲದ ಆನೆಯನ್ನು ಯಾವ ಕಡೆಗಾದರೂ ತಿರುಗಿಸಬಹುದು. ಕಾಲು ಇಂಚಿನ ಬ್ಲೇಡ್ ಹಾಕಿದರೆ ಸುಮಾರು ಮುಕ್ಕಾಲು ಇಂಚು ತ್ರಿಜ್ಯದ ತಿರುವು ಬರುತ್ತದೆ, ಅದಕ್ಕಿಂತ ಬಿಗಿಯಾದದ್ದಕ್ಕೆ ಎಂಟನೇ ಒಂದು ಇಂಚಿನದು. ಅಗಲದ ತೇಗದ ತುಂಡನ್ನು ನಿಲ್ಲಿಸಿ ಹಲಗೆ ಸೀಳುವ ಕೆಲಸ ಮಾತ್ರ ಸಣ್ಣ ಯಂತ್ರಕ್ಕೆ ಹೆಚ್ಚಾಗುತ್ತದೆ. ಅದು ವರ್ಷಕ್ಕೆ ನಾಲ್ಕು ಸಲ ಬರುವ ಕೆಲಸವಾದರೆ ಕೂಲಿ ಕೊಟ್ಟು ಸೀಳಿಸಿ. ನಾಲ್ಕು ದಿನದ ಕೆಲಸಕ್ಕೆ ವರ್ಷವಿಡೀ ಕಂತು ಕಟ್ಟುವುದು ಬೇಡ, ಈ ಮಾತಿನಲ್ಲಿ ನಾನು ಗಟ್ಟಿ.

ಹಳೆಯ ಎರಕದ ಯಂತ್ರ ಅಗ್ಗಕ್ಕೆ ಸಿಕ್ಕರೆ ಮೊದಲು ಮೋಟರಿನ ಮೇಲಿನ ಫಲಕ ಓದಿ. 415 ವೋಲ್ಟ್ ಎಂದಿದ್ದರೆ ಅದು ತ್ರೀ ಫೇಸ್, ಮನೆಯ 230 ವೋಲ್ಟಿನ ಸಿಂಗಲ್ ಫೇಸ್ ಸಂಪರ್ಕದಲ್ಲಿ ಹಾಗೇ ಓಡದು. ಆಮೇಲೆ ಪ್ಲಗ್ ತೆಗೆಸಿ, ಬಾಗಿಲು ತೆರೆಸಿ, ಮೇಲಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಬ್ಲೇಡ್ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಿದೆಯೇ, ಚಕ್ರದ ರಬ್ಬರ್ ಬಿರಿದಿದೆಯೇ, ಬೇರಿಂಗ್ ಕರಕರ ಅನ್ನುತ್ತಿದೆಯೇ ನೋಡಿ. ಮೂಲೆಮಟ್ಟವನ್ನು ಮೇಜಿನ ಮೇಲಿಟ್ಟು ಬ್ಲೇಡಿಗೆ ತಾಗಿಸಿ, ಸಂದಿಯಲ್ಲಿ ಬೆಳಕು ಕಂಡರೆ ಮೇಜನ್ನು ಸರಿಮಾಡಲು ತಿರುಪು ಇದೆಯೇ ಎಂದು ಕೇಳಿ. ಹೊಸದಕ್ಕೂ ಇದೇ ಪರೀಕ್ಷೆ.

ಪೂರ್ತಿ 30,000ವನ್ನೂ ಯಂತ್ರಕ್ಕೇ ಸುರಿಯಬೇಡಿ. ಒಂದೈದು ಸಾವಿರವನ್ನು ಬ್ಲೇಡು, ಅರ್ಥಿಂಗ್ ಸರಿಯಿರುವ ಸಾಕೆಟ್ಟು, ಕನ್ನಡಕ, ಒಳ್ಳೆಯ ಮಾಸ್ಕ್‌ಗೆ ಎತ್ತಿಡಿ. ಮರದ ಪುಡಿ ಶ್ವಾಸಕೋಶಕ್ಕೆ ನಿಜವಾಗಿಯೂ ಕೆಡುಕು. ಬ್ಲೇಡಿನಲ್ಲಿ ಜಿಪುಣತನ ಮಾಡಿದರೆ ಒಳ್ಳೆಯ ಯಂತ್ರವೂ ಸೊಟ್ಟಗೆ ಕೊಯ್ಯುತ್ತದೆ. ಸಣ್ಣ ಚಕ್ರಕ್ಕೆ ತೆಳು ಬ್ಲೇಡೇ ಬೇಕು, ದಪ್ಪದ್ದು ಬಾಗಿ ಬಾಗಿ ಬೆಸುಗೆಯ ಹತ್ತಿರ ತುಂಡಾಗುತ್ತದೆ.

ಕೈಯ ಬಗ್ಗೆಯೂ ಹೇಳಬೇಕು. ಬ್ಯಾಂಡ್ ಸಾ ಮರವನ್ನು ಕೆಳಗೆ ಮೇಜಿನತ್ತ ಒತ್ತುತ್ತದೆ, ದುಂಡುಗರಗಸದಂತೆ ನಿಮ್ಮತ್ತ ಎಸೆಯುವುದು ಕಡಿಮೆ. ಆದರೆ ಆಟಿಕೆಯ ಗಾಲಿಗೆಂದು ಉರುಟು ಕೋಲು ಕೊಯ್ಯುವಾಗ ಅದು ಉರುಳಿ ಬೆರಳನ್ನೂ ಎಳೆದುಕೊಳ್ಳಬಹುದು. ‘ವಿ’ ಆಕಾರದ ಕಟ್ಟೆಯಲ್ಲಿಟ್ಟೇ ಕೊಯ್ಯಿರಿ. ಕೈಗವಸು ಬೇಡ, ಬಳೆ ತೆಗೆದಿಡಿ, ಸೆರಗು ಸಿಕ್ಕಿಸಿ, ಜಡೆ ಕಟ್ಟಿ.

ಅತ್ತೆಯವರ ಮಾತಿನ ಹಿಂದೆ ಕೊಂಕಿಗಿಂತ ಭಯವೇ ಹೆಚ್ಚಿರಬಹುದು. ಮನೆಯೊಳಗೆ ಗರಗಸ ಅಂದರೆ ಯಾವ ಹಿರಿಯರೂ ಬೆದರುತ್ತಾರೆ. ವಾದಕ್ಕಿಳಿಯದೆ, ಯಂತ್ರ ಎಲ್ಲಿ ನಿಲ್ಲುತ್ತದೆ, ಮಕ್ಕಳು ಮುಟ್ಟದಂತೆ ಏನು ಮಾಡುತ್ತೀರಿ ಎಂದು ಅವರಿಗೆ ತೋರಿಸಿ. ಯಜಮಾನರಿಗೂ ಮಾರಾಟದ ಲೆಕ್ಕದ ಪುಸ್ತಕ ಕೊಟ್ಟು ಓದಿಸಿ, ಅಪ್ಪಣೆ ಕೇಳಲಿಕ್ಕಲ್ಲ, ಜೊತೆಗಿರಲಿ ಅಂತ.

ಕಲಿಯಲು ಹತ್ತಿರದ ಅನುಭವಿ ಬಡಿಗರೊಬ್ಬರ ಬಳಿ ಕೆಲವು ಮಧ್ಯಾಹ್ನ ಕುಳಿತರೆ ಸಾಕಷ್ಟು ಆಗುತ್ತದೆ. ದಿಮ್ಮಿ ಸೀಳುವ ಬ್ಯಾಂಡ್ ಸಾಗಳಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ನೀವು ಕೊಯ್ಯುವುದು ಕೊಂಡ ಹಲಗೆಯಾದರೂ, ಕೊಳ್ಳುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಣಿಕಟ್ಟನ್ನು ಮೂಳೆ ವೈದ್ಯರಿಗೆ ತೋರಿಸಿ, ಯಂತ್ರ ಬಂದಮೇಲೆ ತಾನೇ ಹೋದೀತೆಂದು ಕಾಯಬೇಡಿ. ಖರೀದಿ ಮುಗಿದಮೇಲೂ ನಿದ್ದೆ ಬಾರದೆ, ಪ್ರತಿ ಸಣ್ಣ ಖರ್ಚಿಗೂ ಎದೆ ಹೊಡೆದುಕೊಳ್ಳುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಂಗಡಿಗೆ ಹೋಗುವಾಗ ಆನೆಯ ಚಿತ್ರ ಬರೆದ ಒಂದು ಮರದ ತುಂಡು ಜೊತೆಗೊಯ್ಯಿರಿ. ಬ್ಲೇಡಿನ ಉದ್ದ ಎಷ್ಟು, ಆ ಅಳತೆಯದು ಹುಬ್ಬಳ್ಳಿಯಲ್ಲೇ ಸಿಗುತ್ತದೆಯೇ, ಕೆಟ್ಟರೆ ಯಾರು ಬಂದು ನೋಡುತ್ತಾರೆ ಎಂದು ಕೇಳಿ, ಆಮೇಲೆ ಆ ಆನೆಯನ್ನು ನಿಮ್ಮೆದುರೇ ಕೊಯ್ದು ತೋರಿಸಲು ಹೇಳಿ. ಮತ್ತೆ ‘ಮನಿಯವರು’ ಅಂದರೆ, ಮುಂದಿನ ಅಂಗಡಿಗೆ ನಡೆಯಿರಿ.